ಮಲಗಿಸದೆ ಬಿಟ್ಟ ಕೈ

"ಇನ್ನೂ ಹಿಂದೆ ಹೋಗಿ ದೊಡ್ಡಮ್ಮ. ಇನ್ನೂ ಸ್ವಲ್ಪ."

ಕನ್ನಡಕದ ಹುಡುಗಿ ಹೇಳಿದ್ದಕ್ಕೆ ದೊಡ್ಡಮ್ಮ ಗೋಡೆಗೆ ಬೆನ್ನು ತಾಗುವವರೆಗೆ ಸರಿದು ನಿಂತರು. ಸರಿಯುವುದು ಅವರ ಜಾಯಮಾನವಲ್ಲ. ಆದರೆ ಎದುರಿನ ಮೇಜಿನ ಮೇಲಿದ್ದದ್ದು ಮೊನ್ನೆ ಶಾಲೆಯ ಕಾರ್ಯಕ್ರಮದಲ್ಲಿ, ತುಂಬಿದ ಸಭೆಯೆದುರು ಆರನೇ ತರಗತಿಯ ಮಗುವಿನ ಮಣಿಕಟ್ಟು ಮುರಿದು ಹಾಕಿದ್ದ ಯಂತ್ರದ ಕೈ.

ಪ್ರೋಗ್ರಾಂ ತಪ್ಪು ಬರೆದದ್ದೇ ಕಾರಣ ಎಂದು ಶಾಲೆ ಎಲ್ಲವನ್ನೂ ರೋಬೊಟಿಕ್ಸ್ ಟೀಚರಿನ ತಲೆಗೆ ಕಟ್ಟಿತ್ತು. ಆ ಟೀಚರು ದೊಡ್ಡಮ್ಮನ ಸ್ವಂತ ತಂಗಿಯ ಮಗಳು. ಊಟದ ವಿರಾಮ ಮುಗಿದ ಮೇಲೆ ಆಡಳಿತ ಸಮಿತಿ ಕೂರಲಿತ್ತು. ಅದು ಎದ್ದ ಮೇಲೆ ಅವಳ ಕೆಲಸ ಇರುವುದಿಲ್ಲ, ಪೊಲೀಸರಿಗೆ ದೂರೂ ಹೋಗುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಜನ ಇವರು ಎಂದು ದೊಡ್ಡಮ್ಮನಿಗೆ ಮೊದಲ ದಿನವೇ ಅನ್ನಿಸಿತ್ತು. ಎತ್ತು ಯಾವುದು ಎಂಬುದಷ್ಟೇ ಗೊತ್ತಾಗಬೇಕಿತ್ತು.

ಟೀಚರಿನ ವಿದ್ಯಾರ್ಥಿನಿಯಾದ ಆ ಹುಡುಗಿ ಯಂತ್ರದ ತಂತಿ ಕಿತ್ತಳು. ಎರಡೂ ಕೈಯಿಂದ ಕಬ್ಬಿಣದ ತೋಳನ್ನು ಹಿಡಿದು ಮೇಲಕ್ಕೆತ್ತಿದಳು. ಒಳಗೆ ಹಲ್ಲುಚಕ್ರಗಳು ಕಟಕಟ ಎಂದವು. ಪೂರ್ತಿ ಎತ್ತಿ ಬಿಟ್ಟಾಗ ತೋಳು ಅಲ್ಲೇ ನಿಂತಿತು, ತರಗತಿಯಲ್ಲಿ ಉತ್ತರ ಗೊತ್ತಿರುವ ಮಗುವಿನ ಕೈಯಂತೆ. ಆಮೇಲೆ ಅವಳು ಬುಡದ ಸ್ವಿಚ್ಚಿನ ಹತ್ತಿರ ಎರಡು ಪುಸ್ತಕ ಇಟ್ಟು, ಮೇಲೆ ಅಡ್ಡಲಾಗಿ ಒಂದು ಮರದ ಸ್ಕೇಲು ಇಟ್ಟಳು.

"ಇದು ಆ ಮಗು ಕೈ ಅಂದ್ಕೊಳ್ಳಿ."

ತಂತಿ ಸಿಕ್ಕಿಸಿ, ದೂರ ನಿಂತು, ಪೊರಕೆಯ ಹಿಡಿಯಿಂದ ಸ್ವಿಚ್ಚು ಒತ್ತಿದಳು.

ತೋಳು ರಪ್ಪನೆ ಕೆಳಗೆ ಬಡಿಯಿತು. ಸ್ಕೇಲು ಎರಡು ತುಂಡಾಯಿತು, ಒಂದು ತುಂಡು ಹಾರಿ ದೊಡ್ಡಮ್ಮನ ಚಪ್ಪಲಿಯ ಹತ್ತಿರ ಬಂದು ಬಿತ್ತು.

"ಪ್ರೋಗ್ರಾಂ ಏನಾದ್ರೂ ಬದಲಾಯಿಸಿದ್ಯೇನೇ?"

"ಒಂದಕ್ಷರಾನೂ ಮುಟ್ಟಿಲ್ಲ. ಪ್ರೋಗ್ರಾಂ ಸರಿಯಾಗೇ ಇದೆ." ಹುಡುಗಿ ಸ್ವಿಚ್ಚು ಆರಿಸಿದಳು. "ಆನ್ ಆದ ತಕ್ಷಣ ಇದು ಮೊದಲು ಮಲಗೋ ಜಾಗಕ್ಕೆ ಹೋಗುತ್ತೆ. ಆಫ್ ಇದ್ದಾಗ ಯಾರು ಎಲ್ಲಿಗೆ ಎತ್ತಿಟ್ರು ಅಂತ ಇದಕ್ಕೆ ಗೊತ್ತಾಗಲ್ಲ. ಮಲಗಿದ್ರೆ ಒಂಚೂರು ನಡುಗಿ ಸುಮ್ಮನಾಗುತ್ತೆ. ಮೇಲಿದ್ರೆ ಇರೋ ಶಕ್ತಿಯೆಲ್ಲ ಹಾಕಿ ಒಂದೇ ಸಲ ಕೆಳಗೆ ಬರುತ್ತೆ."

"ಇದು ನಿಮಗೆಲ್ಲ ಗೊತ್ತಾ?"

"ಗೊತ್ತಿಲ್ದೆ ಏನು? ಮಿಸ್ಸು ಮೊದಲು ಹೇಳ್ಕೊಟ್ಟಿದ್ದೇ ಅದು. ಮಲಗಿಸದೆ ಯಾರೂ ಮನೆಗೆ ಹೋಗೋ ಹಾಗಿಲ್ಲ. ಹೋಗೋವಾಗ ಬಾಗಿಲಲ್ಲಿ ನಿಂತು 'ಮಲಗಿಸಿದ್ವಿ ಮಿಸ್' ಅಂತ ಕೂಗ್ಬೇಕು. ಕೆಲವರು ಲಾಲಿ ಹಾಡ್ತಾರೆ, ಅವರಿಗೆ ಬೇರೆ ಕೆಲಸ ಇಲ್ಲ."

ದೊಡ್ಡಮ್ಮ ಸ್ಕೇಲಿನ ತುಂಡನ್ನು ಎತ್ತಿಕೊಂಡರು. ಪೊಲೀಸ್ ಇಲಾಖೆಯ ಬೆರಳಚ್ಚು ವಿಭಾಗದಲ್ಲಿ ತಲೆ ನರೆಸಿಕೊಂಡು ನಿವೃತ್ತರಾದವರು ಅವರು. ಒಂದು ವಿಷಯ ಗಂಟಲಲ್ಲಿ ಮುಳ್ಳಿನಂತೆ ಸಿಕ್ಕಿಕೊಂಡಿತು. ಘಟನೆಯಾದಾಗಿನಿಂದ ತಂಗಿಯ ಮಗಳು ಅನ್ನ ಬಿಟ್ಟು ಕೂತು ಪ್ರೋಗ್ರಾಮು, ತಂತಿ, ಬ್ಯಾಟರಿ ಎಂದು ಎಲ್ಲವನ್ನೂ ಬಿಡಿಸಿ ಹೇಳಿದ್ದಳು. ಈ ಮಲಗಿಸುವ ಮಾತು ಮಾತ್ರ ಅವಳ ಬಾಯಿಂದ ಬಂದಿರಲಿಲ್ಲ.

ಪಾಪ, ಗಾಬರಿಯಲ್ಲಿ ಮರೆತಿದ್ದಾಳೆ ಎಂದುಕೊಂಡರು. ಗಾಬರಿ ಬಿದ್ದವರು ಕೀಲಿ ಕೈಯಲ್ಲಿ ಹಿಡಿದುಕೊಂಡೇ ಮನೆಯೆಲ್ಲ ಹುಡುಕುತ್ತಾರೆ.

"ಕಾರ್ಯಕ್ರಮದ ಹಿಂದಿನ ಸಂಜೆ ಯಾರು ಮಲಗಿಸಿದ್ದು?"

"ನಾನೇ. ವೇದಿಕೆ ಮೇಲಿಟ್ಟು, ಕೈಗೆ ಹಸಿರು ರಿಬ್ಬನ್ ಕಟ್ಟಿ, ಮಲಗಿಸಿ, ಬಟ್ಟೆ ಮುಚ್ಚಿ ಹೋದ್ವಿ. ಬೆಳಗ್ಗೆ ಎಲ್ಲರೆದುರು ಬಟ್ಟೆ ತೆಗೆದಾಗ ಕೈ ಮೇಲಿತ್ತು. ನಾನು ಕೊನೇ ಸಾಲಲ್ಲಿದ್ದೆ ದೊಡ್ಡಮ್ಮ. ಎದ್ದು ಓಡೋಷ್ಟರಲ್ಲಿ ಆ ಮಗು ಸ್ವಿಚ್ ಒತ್ತಿಬಿಡ್ತು."

ದೊಡ್ಡಮ್ಮ ಅವಳ ತಲೆ ಸವರಿದರು. "ನಿನ್ನ ತಪ್ಪಲ್ಲ ಕೂಸೆ. ಎತ್ತಿದವರ ತಪ್ಪು. ಅವರನ್ನ ನಾನು ನೋಡ್ಕೊಳ್ತೀನಿ."

ಈ ಪಾಠವೆಲ್ಲ ನಡೆಯುತ್ತಿದ್ದದ್ದು ಶಾಲೆಯ ಹಿಂಭಾಗದ ಉಗ್ರಾಣದಲ್ಲಿ, ಮುರಿದ ಬೆಂಚುಗಳ ನಡುವೆ. ಯಂತ್ರದ ಕೈ ಹುಟ್ಟಿದ್ದೂ ಅಲ್ಲೇ. ಕೆಟ್ಟ ಫ್ಯಾನಿನ ಕಂಬ, ಯಾರೋ ಬಿಸಾಕಿದ ಸೈಕಲ್ಲಿನ ಸರಪಳಿ, ಟೀಚರು ತಾನೇ ಹುಡುಕಿ ತಂದ ಒಂದು ದೊಡ್ಡ ಮೋಟಾರು. ಹಾಗಾದರೆ ಶಾಲೆಗೆ ಪ್ರಯೋಗಾಲಯವೇ ಇರಲಿಲ್ಲವೇ ಎಂದರೆ, ಇತ್ತು. ಎಂಥ ಪ್ರಯೋಗಾಲಯ!

ನಾವೀನ್ಯತಾ ಕೇಂದ್ರ ಎಂದು ಬಾಗಿಲ ಮೇಲೆ ಬರೆದ ಆ ಗಾಜಿನ ಕೋಣೆಯನ್ನು ದಾಟಿ ಹೋಗುವಾಗ ದೊಡ್ಡಮ್ಮ ನಿಂತು ನೋಡಿದರು. ವಸ್ತುಗಳನ್ನು ಅಚ್ಚು ಹಾಕುವ ಹೊಸ ಪ್ರಿಂಟರಿನ ಪ್ಲಾಸ್ಟಿಕ್ ಹೊದಿಕೆಯನ್ನು ಇನ್ನೂ ಬಿಚ್ಚಿರಲಿಲ್ಲ. ಸೂರಿನಿಂದ ದಾರ ಕಟ್ಟಿ ಇಳಿಬಿಟ್ಟ ಡ್ರೋನುಗಳು ಒಂದು ದಿನವೂ ಹಾರಿರಲಿಲ್ಲ. ಬಾಗಿಲಿಗೆ ಬೀಗ. ಅತಿಥಿಗಳು ಬಂದಾಗ ಮಾತ್ರ ಅದನ್ನು ತೆಗೆಯುತ್ತಿದ್ದರು. ಆ ದಿನ ಬೆಳ್ಳನೆಯ ಬಟ್ಟೆ ಹಾಕಿದ ಮಕ್ಕಳನ್ನು ಆರಿಸಿ ಒಳಗೆ ಕೂರಿಸಿ, ಏನನ್ನೂ ಮುಟ್ಟಬೇಡಿ ಎಂದು ಹೇಳಿಡುತ್ತಿದ್ದರು.

ಮಿಕ್ಕ ಮಕ್ಕಳಿಗೆ ಕೋಡಿಂಗ್ ಎಂದರೆ ಕಪ್ಪುಹಲಗೆಯ ಮೇಲಿದ್ದ ಪ್ರೋಗ್ರಾಮನ್ನು ಪುಸ್ತಕಕ್ಕೆ ಇಳಿಸಿಕೊಳ್ಳುವುದು. ಕಳೆದ ಪರೀಕ್ಷೆಯಲ್ಲಿ ರೋಬೊಟ್ಟಿನ ಉಪಯೋಗಗಳನ್ನು ಬರೆಯಿರಿ ಎಂದು ಕೇಳಿದ್ದರಂತೆ. ರೋಬೊಟ್ಟನ್ನು ಕಣ್ಣಲ್ಲಿ ಕಾಣದ ಮಕ್ಕಳು ಹಸುವಿನ ಉಪಯೋಗ ಬರೆಯುವ ಹಾಗೆ ಬರೆದು ಪೂರ್ಣ ಅಂಕ ತೆಗೆದುಕೊಂಡರಂತೆ. ಮೇಲೆ ಥಳಕು, ಒಳಗೆ ಹುಳುಕು ಎಂದು ದೊಡ್ಡಮ್ಮ ಗಾಜಿಗೆ ಕೇಳಿಸುವಂತೆಯೇ ಗೊಣಗಿದರು.

ಈ ಎಲ್ಲಕ್ಕೂ ಒಡೆಯ ನಾವೀನ್ಯತಾ ನಿರ್ದೇಶಕ. ಎರಡು ಮಾತಿಗೊಮ್ಮೆ ಭವಿಷ್ಯ, ಭವಿಷ್ಯ ಎನ್ನುತ್ತಿದ್ದುದರಿಂದ ಮಕ್ಕಳು ಅವನನ್ನು 'ಭವಿಷ್ಯ ಸರ್' ಎಂದು ಕರೆಯುತ್ತಿದ್ದರು. ದೊಡ್ಡಮ್ಮ ಆ ಹೆಸರಿನಿಂದ 'ಸರ್' ತೆಗೆದು ಉಳಿದದ್ದನ್ನು ಇಟ್ಟುಕೊಂಡಿದ್ದರು.

ಅಂಗಳಕ್ಕೆ ಬಂದರೆ ಎದುರಿನ ಗೋಡೆಯ ಮೇಲೆ ಅವನದೇ ಫ್ಲೆಕ್ಸ್. ಕಾರ್ಯಕ್ರಮದ ದಿನ ಬೆಳಗ್ಗೆ ಕಟ್ಟಿದ್ದು, ಇನ್ನೂ ಇಳಿಸಿರಲಿಲ್ಲ. ಒಂದು ಮಗು ಕೈ ಮುರಿದುಕೊಂಡು ಆಸ್ಪತ್ರೆ ಸೇರಿದೆ, ಈ ಮಹಾಶಯ ಇನ್ನೂ ಗೋಡೆಯ ಮೇಲೆ ಹಲ್ಲು ಕಿರಿಯುತ್ತಿದ್ದಾನೆ. ದೊಡ್ಡಮ್ಮ ಮುಖ ತಿರುಗಿಸಿ ಮುಂದೆ ಹೊರಟವರು ಗಕ್ಕನೆ ನಿಂತರು.

ಫ್ಲೆಕ್ಸಿನಲ್ಲಿ ಅವನ ಪಕ್ಕ ಯಂತ್ರವಿತ್ತು. ಅದರ ಕೈ ನೆಟ್ಟಗೆ ಮೇಲೆದ್ದಿತ್ತು. ಕೈಗೆ ಹಸಿರು ರಿಬ್ಬನ್ ಇತ್ತು.

ದೊಡ್ಡಮ್ಮ ಆ ರಿಬ್ಬನ್ನನ್ನೇ ನೋಡುತ್ತ ನಿಂತರು. ಮಕ್ಕಳು ಅದನ್ನು ಕಟ್ಟಿದ್ದು ಹಿಂದಿನ ಸಂಜೆ, ಕಟ್ಟಿದ ಮೇಲೆ ಮಲಗಿಸಿ ಮನೆಗೆ ಹೋದದ್ದು. ಫ್ಲೆಕ್ಸ್ ಗೋಡೆ ಏರಿದ್ದು ಮರುದಿನ ಬೆಳಗ್ಗೆ, ಕಾರ್ಯಕ್ರಮಕ್ಕೂ ಮುಂಚೆ. ಅಂದಮೇಲೆ ಮಕ್ಕಳು ಹೋದ ಬಳಿಕ ಯಾರೋ ಮಲಗಿದ್ದ ಕೈಯನ್ನು ಎಬ್ಬಿಸಿ ನಿಲ್ಲಿಸಿದ್ದಾರೆ. ಯಾಕೆ ಎಂದು ತಲೆ ಕೆಡಿಸಿಕೊಳ್ಳುವ ಅಗತ್ಯವೇ ಇರಲಿಲ್ಲ. ಕಾರಣ ಗೋಡೆಯ ಮೇಲೆ ನಗುತ್ತಿತ್ತು.

ದೊಡ್ಡಮ್ಮನಿಗೂ ನಗು ಬಂತು, ಒಳ್ಳೆಯ ನಗುವಲ್ಲ. ನೇರವಾಗಿ ಸಮಿತಿಯ ಕೋಣೆಗೆ ಹೋಗಿ ಇಣುಕಿದರು. ಅಧ್ಯಕ್ಷೆ ಆಗಲೇ ಬಂದು ಕೂತಿದ್ದರು. ಗಾಯಗೊಂಡ ಮಗುವಿನ ಅಪ್ಪನೂ ಬಂದಿದ್ದರು, ನಿದ್ದೆಗೆಟ್ಟ ಕಣ್ಣು, ಗುಂಡಿ ತಪ್ಪಿಸಿ ಹಾಕಿಕೊಂಡ ಅಂಗಿ.

"ತೀರ್ಮಾನ ಮಾಡೋ ಮುಂಚೆ ನನ್ನ ಮಾತು ಕೇಳಿ," ಎಂದರು ದೊಡ್ಡಮ್ಮ. "ಯಾರು ಮಾಡಿದ್ದು ಅಂತ ನಾನೇ ಬಂದು ಹೇಳ್ತೀನಿ. ಹೇಳೋವರೆಗೂ ಆ ಟೀಚರ್ ಬಗ್ಗೆ ಯಾರೂ ತುಟಿ ಬಿಚ್ಚೋದು ಬೇಡ."

ಅಲ್ಲಿಂದ ಭವಿಷ್ಯನ ಕೋಣೆಗೆ. ಬಾಗಿಲು ತಟ್ಟುವ ಗೋಜಿಗೆ ಅವರು ಹೋಗಲಿಲ್ಲ.

ಅವನು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ಕುರ್ಚಿ ಎಲ್ಲಿ ಹಾಕಿದರೆ ಫ್ಲೆಕ್ಸ್ ಚೆನ್ನಾಗಿ ಕಾಣುತ್ತದೋ ಅಲ್ಲೇ ಹಾಕಿಸಿಕೊಂಡಿದ್ದ.

"ಬನ್ನಿ ಮೇಡಂ, ಬನ್ನಿ. ಆಗಿದ್ದು ಆಗೋಯ್ತು. ನಾವೆಲ್ಲ ಈಗ ಭವಿಷ್ಯದ ಕಡೆ ನೋಡ್ಬೇಕು."

"ಆಗೋಗಿದ್ದನ್ನ ನೋಡೋದೇ ನನ್ನ ಕಸುಬು. ಭವಿಷ್ಯ ನೋಡೋಕೆ ಜ್ಯೋತಿಷಿಗಳಿದಾರೆ." ದೊಡ್ಡಮ್ಮ ಎದುರು ಕುರ್ಚಿ ಎಳೆದುಕೊಂಡರು. "ಒಂದು ಮಾತು ಕೇಳ್ತೀನಿ. ನಿಮಗೆ ಕೋಡಿಂಗ್ ಬರುತ್ತಾ?"

"ನಾನು ವಿಷನ್ ನೋಡ್ಕೊಳ್ತೀನಿ ಮೇಡಂ. ಕೋಡಿಂಗು ಗೀಡಿಂಗು ಟೀಚರ್‌ಗಳ ಮಟ್ಟದ್ದು."

"ಯಂತ್ರ ರಿಪೇರಿ?"

"ಅಯ್ಯೋ, ಅದು ಇನ್ನೂ ಕೆಳಗಿನ ಮಟ್ಟದ್ದು."

"ಮತ್ತೆ ನಿಮ್ಮ ಮಟ್ಟದಲ್ಲಿ ಏನಿದೆ? ಫೋಟೊನಾ?"

ಭವಿಷ್ಯ ನಕ್ಕ. ಹಲ್ಲು ಫ್ಲೆಕ್ಸಿನಲ್ಲಿ ಇದ್ದಷ್ಟೇ ಬೆಳ್ಳಗಿದ್ದವು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನಾದರೋ ಕುಣಿಯುವ ಗೋಜಿಗೇ ಹೋಗದೆ ನೆಲಕ್ಕೆ ಗಾಜು ಹಾಕಿಸಿ ಅದರ ಮೇಲೆ ನಿಂತು ಪಟ ತೆಗೆಸಿಕೊಂಡವನು.

"ಆ ಫೋಟೊ ಯಾವಾಗಿಂದು?" ದೊಡ್ಡಮ್ಮ ಕಿಟಕಿಯ ಆಚೆಗೆ ಗದ್ದದಿಂದ ತೋರಿಸಿದರು.

"ಓ, ಅದಾ? ಹೋದ ತಿಂಗಳು ಯಾವತ್ತೋ ತೆಗೆದಿದ್ದು."

"ಕೈಗೆ ಹಸಿರು ರಿಬ್ಬನ್ ಇದೆಯಲ್ಲ."

"ಇರ್ಬಹುದು. ಮಕ್ಕಳು ಏನೇನೋ ಕಟ್ತಾರೆ."

"ಮಕ್ಕಳು ಕಟ್ಟಿದ್ದು ಕಾರ್ಯಕ್ರಮದ ಹಿಂದಿನ ಸಂಜೆ. ಹೋದ ತಿಂಗಳು ಆ ರಿಬ್ಬನ್ ಇನ್ನೂ ಅಂಗಡೀಲಿತ್ತು. ಅಂಗಡಿಗೆ ಹೋಗಿ ಫೋಟೊ ತೆಗೆಸಿಕೊಂಡ್ರಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಭವಿಷ್ಯ ತನ್ನ ಎರಡೂ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಅಂಗೈಯಲ್ಲಿ ಏನೂ ಇರಲಿಲ್ಲ, ದೊಡ್ಡಮ್ಮನಿಗೆ ಅಷ್ಟು ಸಾಕಿತ್ತು.

"ಮಲಗಿದ್ದ ಕೈಯನ್ನ ಎತ್ತಿದ್ದು ನೀವು. ಎತ್ತಿ ಹಾಗೇ ಬಿಟ್ಟು ಹೋದ್ರಿ. ಆ ಮಗು ಸ್ವಿಚ್ ಹಾಕಿದಾಗ ಅದು ಅವಳ ಮಣಿಕಟ್ಟಿನ ಮೇಲೆ ಬಂತು. ಮಾಡಿದ್ದನ್ನೆಲ್ಲ ಪ್ರೋಗ್ರಾಂ ತಪ್ಪು ಅಂತ ಒಬ್ಬ ಹೆಣ್ಣುಮಗಳ ತಲೆಗೆ ಕಟ್ಟಿ ಇಲ್ಲಿ ಕೂತು ನಿಮ್ಮ ಮುಖ ನೋಡ್ಕೊಳ್ತಾ ಇದೀರಿ."

"ಮೇಡಂ, ಕೂಗ್ಬೇಡಿ ಮೇಡಂ."

"ಕೂಗ್ತಾ ಇಲ್ಲ. ಕೂಗಿದ್ರೆ ಹೇಗಿರುತ್ತೆ ಅಂತ ಸಮಿತಿ ಎದುರು ತೋರಿಸ್ತೀನಿ."

ಭವಿಷ್ಯನ ಬಣ್ಣ ಇಳಿಯಿತು. ಅಷ್ಟು ಹೊತ್ತು ಬೆನ್ನು ನೆಟ್ಟಗೆ ಮಾಡಿ ಕೂತಿದ್ದವನು ಹಳೇ ದಿಂಬಿನಂತೆ ಕುಸಿದ.

"ಮಲಗಿರೋ ಕೈ ಫೋಟೊದಲ್ಲಿ ಸತ್ತ ಹಾಗೆ ಕಾಣುತ್ತೆ ಮೇಡಂ," ಎಂದ. ಈಗಲೂ ಅವನಿಗೆ ಅದೇ ದೊಡ್ಡ ಸಂಕಟವಾಗಿದ್ದಂತಿತ್ತು. "ಎತ್ತಿದ್ರೆ ಒಂದು ಉತ್ಸಾಹ ಇರುತ್ತೆ. ಅದಕ್ಕೇ ಎತ್ತಿದೆ. ಅದು ಹೀಗೆ ಬಡಿಯುತ್ತೆ ಅಂತ ನನಗೇನು ಗೊತ್ತು?"

"ಗೊತ್ತಿರೋದಿಲ್ಲ. ಉಗ್ರಾಣದಲ್ಲಿ ಕಲಿಯೋ ಮಕ್ಕಳಿಗೆ ಗೊತ್ತಿರೋದು ನಿರ್ದೇಶಕರಿಗೆ ಹೇಗೆ ಗೊತ್ತಿರುತ್ತೆ?"

"ನಾನೇನು ಬೇಕು ಅಂತ ಮಾಡಿದ್ನಾ? ಸ್ವಿಚ್ ಹಾಕೋದು ನಾನೇ ಅಂತಿತ್ತು. ಪುಟ್ಟ ಮಗು ಹಾಕಿದ್ರೆ ಫೋಟೊ ಇನ್ನೂ ಚೆನ್ನಾಗಿ ಬರುತ್ತೆ ಅಂತ ಕೊನೇ ಗಳಿಗೇಲಿ ಹೊಳೀತು, ಅವಳನ್ನ ಕರೆದೆ. ಒಳ್ಳೇದಕ್ಕೇ ಮಾಡಿದ್ದು."

ಅಲ್ಲೂ ಫೋಟೊ. ದೊಡ್ಡಮ್ಮನಿಗೆ ಬಾಯಿ ಕಹಿಯಾಯಿತು. ಸೇವೆಯಲ್ಲಿದ್ದಾಗ ಕೊಲೆಗಡುಕರ ಬೆರಳು ಹಿಡಿದು ಅಚ್ಚು ಒತ್ತಿಸಿದ್ದರು. ಅವರಲ್ಲಿ ಕೆಲವರ ಕೈಯಾದರೂ ನಡುಗುತ್ತಿತ್ತು. ಈ ಮನುಷ್ಯನ ಮೇಲೆ ಸಿಟ್ಟು ಮಾಡಿಕೊಳ್ಳುವುದೂ ದಂಡ ಅನ್ನಿಸಿತು. ಎದ್ದು ನಿಂತರು.

"ನಡೀರಿ. ಇದನ್ನೇ ಅಲ್ಲಿ ಹೇಳಿ."

"ಹೇಳ್ತೀನಿ. ಆದ್ರೆ ಪೂರ್ತಿ ಹೇಳ್ತೀನಿ." ಭವಿಷ್ಯ ಕುರ್ಚಿಯ ಹಿಡಿ ಹಿಡಿದುಕೊಂಡ. "ಫೋಟೊ ಆದ್ಮೇಲೆ ನಾನು ಕೇಳ್ದೆ ಮೇಡಂ, ಇದನ್ನ ಇಳಿಸ್ಬೇಕಾ ಅಂತ. ಬೇಡ ಸರ್, ಹಾಗೇ ಇರ್ಲಿ, ನಾಳೆ ಬಟ್ಟೆ ತೆಗೆದಾಗ ಚೆನ್ನಾಗಿ ಕಾಣುತ್ತೆ ಅಂದ್ರು."

"ಯಾರು ಅಂದಿದ್ದು?"

"ಫೋಟೊ ತೆಗೆದೋರು. ನಿಮ್ಮ ಹುಡುಗೀನೇ."

ದೊಡ್ಡಮ್ಮ ಜೋರಾಗಿ ನಕ್ಕರು.

"ನೋಡಿ, ಸುಳ್ಳು ಹೇಳೋಕೂ ಒಂದು ಯೋಗ್ಯತೆ ಬೇಕು. ನನ್ನ ಮಡಿಲಲ್ಲಿ ಬೆಳೆದ ಮಗು ಅದು. ದಿನಾ ಸಂಜೆ ಮಕ್ಕಳ ಕೈಲಿ ಮಲಗಿಸಿದ್ವಿ ಅಂತ ಹೇಳಿಸ್ದೆ ಬಾಗಿಲು ಹಾಕದವಳು. ಅವಳು ಹಾಗೇ ಇರ್ಲಿ ಅಂದ್ಲಾ? ತಾನು ಮುಳುಗುವಾಗ ಪಕ್ಕದವರ ಕಾಲು ಹಿಡಿಯೋ ಜಾತಿ ನಿಮ್ಮದು."

"ನಂಬ್ಬೇಡಿ. ಹೊರಗೇ ಕೂತಿದಾರೆ, ಕೇಳಿ."

"ಕೇಳೇ ಬರ್ತೀನಿ. ಅಷ್ಟರಲ್ಲಿ ತಲೆ ಬಾಚ್ಕೊಂಡಿರಿ. ಸಮಿತೀಲಿ ಯಾರಾದ್ರೂ ಫೋಟೊ ತೆಗೀಬಹುದು."

ಬಾಗಿಲು ಎಳೆದುಕೊಂಡು ಹೊರಬಂದಾಗ ದೊಡ್ಡಮ್ಮನ ಮೈ ಹಗುರವಾಗಿತ್ತು. ಕೆಲಸ ಮುಗಿದಿತ್ತು. ಇನ್ನು ಆ ಡಾಂಭಿಕನನ್ನು ಸಮಿತಿಯ ಎದುರು ನಿಲ್ಲಿಸುವುದು, ಮಗಳನ್ನು ಮನೆಗೆ ಕರೆದುಕೊಂಡು ಹೋಗಿ ಬಿಸಿಯಾಗಿ ಏನಾದರೂ ಉಣ್ಣಿಸುವುದು.

ಟೀಚರು ಪಡಸಾಲೆಯ ಕೊನೆಯ ಬೆಂಚಿನಲ್ಲಿ ಕೂತಿದ್ದಳು. ಮೂರು ದಿನಕ್ಕೇ ಮುಖ ಅರ್ಧವಾಗಿತ್ತು. ದೊಡ್ಡಮ್ಮ ಪಕ್ಕದಲ್ಲಿ ಕೂತು ಅವಳ ಕೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡರು.

"ಸಿಕ್ಕಿಬಿದ್ದ ಕಣೇ. ಕೈ ಎತ್ತಿದ್ದು ಅವನೇ. ಒಪ್ಪಿಕೊಂಡ."

ಅವಳು ತಲೆ ತಗ್ಗಿಸಿ ನೆಲ ನೋಡಿದಳು.

"ಏನು ಬಡ್ಕೊಂಡ ಗೊತ್ತಾ? ಇಳಿಸ್ಬೇಡಿ ಅಂತ ನೀನೇ ಹೇಳಿದ್ಯಂತೆ. ಎಂಥಾ ನಾಚಿಕೆಗೇಡಿ ನೋಡು."

ಅವಳು ತನ್ನ ಕೈ ಬಿಡಿಸಿಕೊಳ್ಳಲು ನೋಡಿದಳು.

"ಯಾಕೆ ಸುಮ್ಮನಿದೀಯಾ? ಸುಳ್ಳು ಅನ್ನು."

"ಫೋಟೊ ತೆಗೆದಿದ್ದು ನಾನೇ ದೊಡ್ಡಮ್ಮ."

"ತೆಗೆದಿರ್ಬಹುದು. ಅವನು ತೆಗಿ ಅಂದಿರ್ತಾನೆ, ತೆಗೆದಿರ್ತೀಯ. ಆಮೇಲೆ ಇಳಿಸೋಕೆ ಮರೆತೋಯ್ತು. ಅಷ್ಟೇ ತಾನೆ? ಮರೆಯೋದು ಮನುಷ್ಯರಿಗೆ ಸಹಜ."

"ಮರೆತಿರಲಿಲ್ಲ."

ಪಡಸಾಲೆಯ ಆ ತುದಿಯಲ್ಲಿ ಸಮಿತಿಯ ಕೋಣೆಯ ಕುರ್ಚಿಗಳು ಸರಿದಾಡುವ ಸದ್ದು ಕೇಳಿಸಿತು. ಅವಳು ನೆಲ ನೋಡುತ್ತಲೇ ಮಾತಾಡಿದಳು, ದನಿ ಏರಲಿಲ್ಲ.

"ವರ್ಷವೆಲ್ಲ ಉಗ್ರಾಣದಲ್ಲಿ ಕೂತು ಮಕ್ಕಳು ಕಟ್ಟಿದ್ದು ಅದು. ಒಂದು ಸಲಾನೂ ಬಂದು ನೋಡ್ಲಿಲ್ಲ. ಆ ಸಂಜೆ ಬಂದು, ಮಕ್ಕಳ ಹೆಸರು ಬರೆದಿದ್ದ ಕಾಗದ ಕಿತ್ತು, ತನ್ನ ಕೇಂದ್ರದ ಹೆಸರು ಅಂಟಿಸಿ, ಪಕ್ಕದಲ್ಲಿ ನಿಂತು ತೆಗಿ ಅಂದ. ತೆಗೆದೆ. ಇಳಿಸ್ಬೇಕಾ ಅಂತ ಕೇಳ್ದ. ಆಗ ನನಗೆ ಏನನ್ನಿಸ್ತು ಗೊತ್ತಾ? ನಾಳೆ ಬೆಳಗ್ಗೆ ಸ್ವಿಚ್ ಹಾಕೋನು ಇವನೇ ಅಲ್ವಾ ಅನ್ನಿಸ್ತು."

ದೊಡ್ಡಮ್ಮ ಹಿಡಿದಿದ್ದ ಕೈಯನ್ನು ಬಿಡಲಿಲ್ಲ. ಬಿಡಬೇಕು ಅನ್ನಿಸಿತು, ಆದರೆ ಬೆರಳು ಕೇಳಲಿಲ್ಲ.

"ಎಲ್ಲರೆದುರು ಅವನಿಗೆ ಒಂದೇಟು ಬೀಳ್ಲಿ ಅಂದ್ಕೊಂಡೆ, ಅಷ್ಟೇ. ಅವನು ಆ ಮಗೂನ ಕರೀತಾನೆ ಅಂತ ಗೊತ್ತಿರಲಿಲ್ಲ ದೊಡ್ಡಮ್ಮ. ಕೂಗಿದೆ. ಚಪ್ಪಾಳೇಲಿ ಯಾರಿಗೂ ಕೇಳಿಸ್ಲಿಲ್ಲ."

ಆ ಮನುಷ್ಯನ ಮೇಲಿನ ತಿರಸ್ಕಾರ ದೊಡ್ಡಮ್ಮನಿಗೆ ಬೆಳಗ್ಗೆಯಿಂದ ಎಷ್ಟು ರುಚಿಸಿತ್ತೆಂದರೆ, ಬೇರೆ ಯಾರ ಕಡೆಯೂ ಅವರು ತಿರುಗಿ ನೋಡಿರಲಿಲ್ಲ. ಅದೇ ತಿರಸ್ಕಾರ ತಾವು ಬೆಳೆಸಿದ ಈ ಮಗುವಿನ ಹೊಟ್ಟೆಯಲ್ಲೂ ಇತ್ತು.

"ಇದು ಇನ್ಯಾರಿಗೆ ಗೊತ್ತು?" ದನಿ ತಮ್ಮದೇ ಎಂದು ಅವರಿಗೆ ಅನ್ನಿಸಲಿಲ್ಲ.

"ಯಾರಿಗೂ ಗೊತ್ತಿಲ್ಲ. ಅವನಿಗೂ ಗೊತ್ತಿಲ್ಲ. ನಾನು ಚೆನ್ನಾಗಿ ಕಾಣುತ್ತೆ ಅಂದಿದ್ದನ್ನ ಇವತ್ತಿಗೂ ನಿಜ ಅಂತಲೇ ನಂಬಿದಾನೆ."

ಸಮಿತಿಯ ಕೋಣೆಯ ಬಾಗಿಲು ತೆರೆಯಿತು. ಹೊರಗೆ ಬಂದದ್ದು ಅಧ್ಯಕ್ಷೆಯಲ್ಲ, ಗಾಯಗೊಂಡ ಮಗುವಿನ ಅಪ್ಪ. ಅವರು ಟೀಚರಿನ ಕಡೆ ನೋಡಲಿಲ್ಲ. ನೇರವಾಗಿ ದೊಡ್ಡಮ್ಮನ ಎದುರು ಬಂದು ನಿಂತರು.

"ನಿಮಗೆ ಗೊತ್ತಾಗಿದೆಯಂತೆ ಅಕ್ಕ. ನನ್ನ ಮಗಳು ಇನ್ನು ಆ ಕೈಯಲ್ಲಿ ಬರೀತಾಳೋ ಇಲ್ವೋ ಅಂತ ಡಾಕ್ಟರು ಹೇಳ್ತಾ ಇಲ್ಲ. ಯಾರು ಮಾಡಿದ್ದು ಅಂತ ನೀವಾದ್ರೂ ಹೇಳಿ."